ಎರಡು ಸಲ ಸುಟ್ಟ ಗಾರೆ

ಜೆಸಿಬಿ ಹಗ್ಗದವರ ಓಣಿಗೆ ಬಂದ ದಿನ ಬದ್ರಿಯಾ ತನ್ನ ಅಡುಗೆಮನೆಯ ಮೇಲೆ ಕೂತಿದ್ದಳು. ಅಡುಗೆಮನೆ ಅಂದರೆ ಈಗ ಅದೊಂದು ಕಲ್ಲುರಾಶಿ. ಪಕ್ಕದ ರಾಶಿ ಪಡಸಾಲೆ, ಅದಕ್ಕೆ ಅಂಟಿಕೊಂಡದ್ದು ನೆರೆಮನೆಯ ನಜ್ಲಾಳ ರಾಶಿ. ಹೊರಗಿನವರ ಕಣ್ಣಿಗೆ ಎಲ್ಲವೂ ಒಂದೇ: ಟೈಗ್ರಿಸ್ ನದಿಯ ದಂಡೆಯವರೆಗೂ ಕಲ್ಲು, ಮಣ್ಣು, ಡೊಂಕಾದ ಕಬ್ಬಿಣ, ಮುರಿದ ಬಾಗಿಲು. ಬದ್ರಿಯಾಳನ್ನು ಕೇಳಿದರೆ ಮಾತ್ರ ಇದು ಒಲೆ, ಇದು ಹಂಡೆ ಇಡುತ್ತಿದ್ದ ಕಟ್ಟೆ, ಮಧ್ಯಾಹ್ನ ಬಿಸಿಲು ಬೀಳುತ್ತಿದ್ದದ್ದು ಇಲ್ಲಿ ಎಂದು ಬೆರಳಿಟ್ಟು ತೋರಿಸುತ್ತಿದ್ದಳು.

“ಏಳಮ್ಮಾ, ಕಸ ಎತ್ತಬೇಕು,” ಎಂದ ಜೆಸಿಬಿಯ ಚಾಲಕ.

“ಯಾವ ಕಸ?”

“ನೀವು ಕೂತಿರೋದೇ.”

“ಇದು ನನ್ನ ಅಡುಗೆಮನೆ ಕಣೋ. ನಿಮ್ಮಮ್ಮನ ಅಡುಗೆಮನೆಗೂ ಹೀಗೇ ಗಾಡಿ ನುಗ್ಗಿಸ್ತೀಯಾ?”

ಚಾಲಕ ಯಂತ್ರದ ಕೈಯನ್ನು ನೆಲಕ್ಕಿಳಿಸಿ ಹಿಂದೆ ತಿರುಗಿ ನೋಡಿದ. ಹಿಂದೆ ನಿಂತಿದ್ದವನು ತೆರವು ಕೆಲಸದ ಇಂಜಿನಿಯರ್ ನಶ್ವಾನ್. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಎಲ್ಲರೊಂದಿಗೂ ಮೆತ್ತಗೆ ಮಾತಾಡುವವನು. ಅವನು ಮುಂದೆ ಬಂದು, ಮದ್ದುಗುಂಡು ತೆಗೆಯುವವರು ಬಂದು ಹೋಗಿದ್ದಾರೆ, ಹೆಣ ಹುಡುಕುವವರೂ ಬಂದು ಹೋಗಿದ್ದಾರೆ, ಇನ್ನು ಉಳಿದಿರುವುದು ಬರೀ ಕಲ್ಲು, ಅದನ್ನೆಲ್ಲ ಊರಾಚೆ ಸುರಿದು ಇಲ್ಲಿ ನದಿಯ ಉದ್ದಕ್ಕೂ ರಸ್ತೆ ಮಾಡುತ್ತೇವೆ ಎಂದು ವಿವರಿಸಿದ.

“ನದಿ ಅದರ ಪಾಡಿಗೆ ಅದು ಹೋಗ್ತಾ ಇದೆಯಲ್ಲಪ್ಪಾ. ಅದರ ಜೊತೆಗೆ ರಸ್ತೆ ಯಾಕೆ ಹೋಗಬೇಕು?” ಎಂದಳು ಬದ್ರಿಯಾ.

ಚಾಲಕನಿಗೆ ನಗು ತಡೆಯಲಾಗಲಿಲ್ಲ. ನಶ್ವಾನ್ ನಗಲಿಲ್ಲ. “ಅಮ್ಮ, ಮನೆ ಇರೋ ಓಣಿ ನಾವು ಮುಟ್ಟಲ್ಲ. ಮನೇನೇ ಇಲ್ಲದಿದ್ರೆ ಅದನ್ನ ಓಣಿ ಅಂತ ಹೇಗೆ ಅನ್ನೋದು?”

“ಎಷ್ಟು ಮನೆ ಇರ್ಬೇಕು?”

“ಒಂದಾದ್ರೂ. ನಾಲ್ಕು ಗೋಡೆ, ಮೇಲೊಂದು ಚಾವಣಿ. ನಾವು ಮೇಲಿನ ಬೀದಿಯಿಂದ ಶುರು ಮಾಡ್ತೀವಿ. ಮಳೆ ಮುಗಿದು ವಸಂತ ಬರೋ ಹೊತ್ತಿಗೆ ಇಲ್ಲಿಗೆ ಬರ್ತೀವಿ. ಅಷ್ಟೊತ್ತಿಗೆ ಚಾವಣಿ ಇದ್ರೆ ಓಣಿ ನಿಮ್ದು. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ.”

“ಆಗಲಿ, ಹೋಗಿ ಬನ್ನಿ,” ಎಂದು ಬದ್ರಿಯಾ ಕೂತಲ್ಲಿಂದಲೇ ಕೈಬೀಸಿದಳು. ಯಂತ್ರ ಹಿಂದಕ್ಕೆ ಸರಿದು ಓಣಿಯಿಂದ ಪೂರ್ತಿ ಆಚೆ ಹೋಗುವವರೆಗೂ ಅವಳು ಜಪ್ಪಯ್ಯ ಎಂದರೂ ಏಳಲಿಲ್ಲ.

ನಾವು ಮೋಸುಲಿನವರು ಜಿಪುಣರೆಂದು ಬಗ್ದಾದಿನವರು ಆಡಿಕೊಂಡು ನಗುತ್ತಾರೆ. ಮೊಟ್ಟೆ ಬೇಯಿಸಿದ ನೀರನ್ನೂ ನೆಂಟರಿಗೆ ಸಾರು ಎಂದು ಬಡಿಸುತ್ತೇವಂತೆ. ನಗಲಿ ಬಿಡಿ, ನಗುವುದಕ್ಕೆ ಅವರಿಗೇನೂ ಖರ್ಚಿಲ್ಲ. ಆದರೆ ಬದ್ರಿಯಾಳ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ನಿಜ. ನದಿಯಾಚೆಯ ಹೊಸ ಬಡಾವಣೆಯಿಂದ ಈ ಓಣಿಗೆ ಮದುವೆಯಾಗಿ ಬಂದವಳು. ಗಂಡ ಖೈರಲ್ಲಾ ಉಪ್ಪಿನಕಾಯಿ ಮಾರುತ್ತಿದ್ದ. ಬಂದ ವರ್ಷವೇ ಅವಳು ಕಲ್ಲಂಗಡಿಯ ಸಿಪ್ಪೆಯನ್ನು ಬಿಸಾಡಲು ಬಿಡದೆ ಹೆಚ್ಚಿ ಉಪ್ಪುನೀರಿಗೆ ಹಾಕಿ ಜಾಡಿ ತುಂಬಿದಳು. ಅಂಗಡಿಯಲ್ಲಿ ಆ ವರ್ಷ ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅದೇ ಜಾಡಿ. ಅಂದಿನಿಂದ ಯಾರಾದರೂ ‘ಬಿಸಾಡು’ ಎಂದರೆ ಅವಳಿಗೆ ಬೈದ ಹಾಗೆ ಕೇಳಿಸುತ್ತಿತ್ತು.

ಯುದ್ಧದ ಕೊನೆಯ ದಿನಗಳಲ್ಲಿ ನೀರು ತರಲು ನದಿಗಿಳಿದ ಖೈರಲ್ಲಾ ಮೇಲೆ ಹತ್ತಿ ಬರಲಿಲ್ಲ. ಗುಂಡು ಯಾರದೆಂದು ಕೇಳಿ ಆಗಬೇಕಾದ್ದೇನೂ ಇರಲಿಲ್ಲ. ಆಮೇಲೆ ಮನೆಯೂ ಹೋಯಿತು. ಓಣಿಯವರೆಲ್ಲ ನಜ್ಲಾಳ ನೆಲಮಾಳಿಗೆಯಲ್ಲಿ ಅವಿತು ಕೂತಿದ್ದಾಗ ತಲೆಯ ಮೇಲೆ ಒಂದೊಂದೇ ಮನೆ ಬೀಳುವ ಸದ್ದು ಕೇಳಿಸುತ್ತಿತ್ತು, ಯಾರ ಮನೆ ಬಿದ್ದಿತೆಂದು ಸದ್ದಿನಲ್ಲೇ ಹೇಳುತ್ತಿದ್ದರು. ಬದುಕಿದವರು ಆಚೆ ದಡಕ್ಕೆ ಹೋಗಿ ಬಾಡಿಗೆ ಕೋಣೆಗಳಲ್ಲಿ, ಡೇರೆಗಳಲ್ಲಿ ಚದುರಿಹೋದರು. ಬದ್ರಿಯಾಳ ಮಗ ಘಾನಿಮ್ ಅಲ್ಲಿನ ಬೇಕರಿಯೊಂದರಲ್ಲಿ ರೊಟ್ಟಿ ತಟ್ಟುವ ಕೆಲಸ ಹಿಡಿದ. ಬೇಕರಿಯ ಮೇಲಿನ ಕೋಣೆಯೇ ಅವರ ಮನೆ. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ, ಬೈದದ್ದನ್ನು ಮಾತ್ರ ಇಡೀ ಬೀದಿ ಕೇಳಿತು.

ಓಣಿಯನ್ನು ಬಿಟ್ಟು ಹೋಗದೆ ಉಳಿದವನೊಬ್ಬನೇ, ಖೈರಲ್ಲಾನ ಅಣ್ಣ ಧನ್ನೂನ್. ಅವನು ಗಾರೆ ಭಟ್ಟಿಯವನು. ನಮ್ಮ ಹಳೆಯ ಮನೆಗಳೆಲ್ಲ ಬಿಳಿಗಾರೆಯಲ್ಲಿ ಕಟ್ಟಿದವು. ಬೆಟ್ಟದ ಮೆತ್ತನೆಯ ಕಲ್ಲನ್ನು ಸುಟ್ಟು ಪುಡಿ ಮಾಡಿ ನೀರು ಕಲಸಿದರೆ ಬಿಳಿಗಾರೆ. ಉಸಿರು ಬಿಡುವುದರೊಳಗೆ ಬಿಗಿದು ಕೂರುತ್ತದೆ. ಧನ್ನೂನನ ಅಪ್ಪ, ಅಜ್ಜ ಎಲ್ಲರೂ ಸುಟ್ಟದ್ದು ಅದನ್ನೇ. ಅವನ ಹೆಂಡತಿ, ಗಾರೆ ಕಲಸಿಕೊಡುತ್ತಿದ್ದ ಮಗ, ಇಬ್ಬರೂ ಒಂದೇ ದಿನ ಹೋದರು. ಈಗ ಅವನು ಅರ್ಧ ಉಳಿದ ಒಂದು ಕೋಣೆಯಲ್ಲಿ ಮಲಗುತ್ತಿದ್ದ, ಬೆಳಗಾದರೆ ನದಿಯ ಕಡೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಸಂಜೆಯವರೆಗೂ ಕೂರುತ್ತಿದ್ದ. ಬದ್ರಿಯಾ ದಿನಾ ಬುತ್ತಿ ತರುತ್ತಿದ್ದಳು, ಅವನು ದಿನಾ ಅದಕ್ಕೆ ಹೆಸರಿಡುತ್ತಿದ್ದ.

“ಕುಬ್ಬದ ಹೂರಣದಲ್ಲಿ ಮಾಂಸ ಎಲ್ಲೇ, ಘಾನಿಮನ ತಾಯೀ? ಬರೀ ಗೋಧಿನುಚ್ಚು.”

“ಇದೆ, ಹುಡುಕಿ ಭಾವ. ನಿಮಗೇನು ಬೇರೆ ಕೆಲಸ ಇದೆಯಾ?”

ಹಳೇ ತರಕಾರಿ ಮಾರುಕಟ್ಟೆಯ ಬಯಲಲ್ಲಿ ಪರದೇಶದ ಸಂಸ್ಥೆಯೊಂದು ಕ್ರಷರ್ ಹಾಕಿಸಿತ್ತು. ಕುಸಿದ ಮನೆಗಳ ಕಲ್ಲನ್ನು ಅದರ ಬಾಯಿಗೆ ಸುರಿದರೆ ಈ ಕಡೆ ಜಲ್ಲಿ, ಆ ಕಡೆ ಮರಳು. ಅದಕ್ಕೆ ಸಿಮೆಂಟು ಬೆರೆಸಿ ಅಚ್ಚಿಗೆ ಹಾಕಿ ಬ್ಲಾಕು ತೆಗೆಯುತ್ತಿದ್ದರು. ದಿನಗೂಲಿಗೆ ಹೆಂಗಸರನ್ನೂ ಸೇರಿಸಿಕೊಳ್ಳುತ್ತಿದ್ದರು. ಬದ್ರಿಯಾ ಅಲ್ಲಿ ಬೇಸಿಗೆಯೆಲ್ಲ ಕಲ್ಲು ಆರಿಸಿ ಕೆಲಸ ಕಲಿತಿದ್ದಳು. ಜೆಸಿಬಿ ಬಂದು ಹೋದ ಮರುದಿನದಿಂದ ಅವಳು ತನ್ನದೇ ರಾಶಿಯ ಕಲ್ಲನ್ನು ಚೀಲಕ್ಕೆ ತುಂಬಿ, ಘಾನಿಮನ ರೊಟ್ಟಿ ಗಾಡಿಯಲ್ಲಿ ತಳ್ಳಿಸಿಕೊಂಡು, ಮಧ್ಯಾಹ್ನ ಯಂತ್ರ ಬಿಡುವಾಗಿರುವ ಹೊತ್ತಿಗೆ ಅಲ್ಲಿಗೆ ಒಯ್ಯತೊಡಗಿದಳು. ಯಂತ್ರ ನಡೆಸುವವನಿಗೆ ಒಂದು ಜಾಡಿ ಟರ್ನಿಪ್ ಉಪ್ಪಿನಕಾಯಿ ಕೊಟ್ಟದ್ದಕ್ಕೆ ಅವನು ಕಣ್ಣು ಮುಚ್ಚಿಕೊಂಡ. ಹಳೆಯ ಅಚ್ಚೊಂದನ್ನೂ ಎರವಲು ಕೊಟ್ಟ. ಸಿಮೆಂಟನ್ನು ಘಾನಿಮ್ ಆಗೊಂದು ಈಗೊಂದು ಚೀಲದಂತೆ ತಂದುಹಾಕಿದ.

ತಪ್ಪು ನಡೆದದ್ದು ಇಲ್ಲಿ. ಆ ಬಯಲಿನಲ್ಲಿ ಒಂದು ಕಟ್ಟುನಿಟ್ಟಿತ್ತು: ಗಟ್ಟಿಗಲ್ಲು ಮಾತ್ರ ಯಂತ್ರದ ಒಳಗೆ, ಬಿಳಿಗಾರೆಯ ಹೆಂಟೆಯೆಲ್ಲ ಆಚೆಗೆ. ಬಿಳಿಗಾರೆ ಸಿಮೆಂಟಿಗೆ ಆಗಿಬರುವುದಿಲ್ಲ ಎಂದು ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು. ಬದ್ರಿಯಾ ಕೇಳಿಸಿಕೊಂಡಿದ್ದಳು, ತಲೆಯನ್ನೂ ಆಡಿಸಿದ್ದಳು. ಆದರೆ ನಮ್ಮ ಹಳೇ ಗೋಡೆಯಲ್ಲಿ ಕಲ್ಲೆಷ್ಟೋ ಗಾರೆಯೂ ಅಷ್ಟೇ. ತನ್ನ ರಾಶಿಯಿಂದ ಬಿಳಿಯದನ್ನೆಲ್ಲ ತೆಗೆದಿಟ್ಟು ನೋಡಿದರೆ ಅರ್ಧ ಮನೆ ಅಲ್ಲೇ ಬಿದ್ದಿತ್ತು. ಅರ್ಧ ಮನೆಯನ್ನು ಬಿಸಾಡುವುದೇ? ಪರದೇಶದವರಿಗೇನು, ಅವರು ರೊಟ್ಟಿಯ ಅಂಚನ್ನೂ ಕತ್ತರಿಸಿ ಬಿಸಾಡುವ ಜನ ಎಂದುಕೊಂಡಳು. ಬಿಳಿ ಹೆಂಟೆಯನ್ನು ಚೀಲದ ತಳಕ್ಕೆ ಹಾಕಿ ಮೇಲೆ ಗಟ್ಟಿಗಲ್ಲು ತುಂಬಿದಳು. ಹೀಗೆ ಬಚ್ಚಿಟ್ಟು ಮೋಸ ಮಾಡುವುದು ನಮ್ಮೂರಿನವರಿಗೆ ಮಾತ್ರ ಸಾಧ್ಯ, ಅದೂ ತಮಗೆ ತಾವೇ.

ಬ್ಲಾಕುಗಳು ಅಂದವಾಗಿಯೇ ಬಂದವು. ಬೇರೆಯವರದಕ್ಕಿಂತ ಬೆಳ್ಳಗಿದ್ದವು ಕೂಡ. ಬದ್ರಿಯಾ ಹಳೆಯ ಅಡುಗೆಮನೆಯ ಜಾಗದಲ್ಲೇ ಬುನಾದಿ ಬಿಡಿಸಿ ಒಂದು ಕೋಣೆಗೆ ಗೋಡೆ ಏರಿಸಿದಳು. ಮೊದಲು ಬಂದು ಮೂಗು ಮುರಿದವಳು ನಜ್ಲಾ, ಎರಡನೇ ಸಲ ಬಂದಾಗ ಸುಮ್ಮನೆ ನಿಂತು ನೋಡಿದಳು, ಮೂರನೇ ಸಲ ತನ್ನ ರಾಶಿಯ ಕಲ್ಲನ್ನೂ ಚೀಲಕ್ಕೆ ತುಂಬಿ ತಂದಳು. ಅವಳ ಹಿಂದೆ ಡೇರೆಗಳಿಂದ ಇನ್ನೂ ನಾಲ್ಕೈದು ಜನ ಹೆಂಗಸರು ಬಂದರು. ಕಿಟಕಿಯ ಮಟ್ಟಕ್ಕೆ ಗೋಡೆ ಬಂದ ದಿನ ಬದ್ರಿಯಾ ಧನ್ನೂನನ ಕುರ್ಚಿಯ ಮುಂದೆ ಹೋಗಿ ನಿಂತಳು.

“ನೋಡಿ ಭಾವ, ಭಟ್ಟಿ ಇಲ್ಲದೆ ಗೋಡೆ ಎದ್ದಿತು.”

“ಬಿಸ್ಕತ್ತಿನ ಡಬ್ಬ ಇದ್ದ ಹಾಗಿದೆ,” ಎಂದ ಧನ್ನೂನ್, ತಿರುಗಿ ನೋಡದೆಯೇ.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ದಿನಗಟ್ಟಲೆ ಬಿಡದೆ ಸುರಿಯಿತು, ನದಿ ಕೆಂಪಾಗಿ ಉಕ್ಕಿತು. ಮಳೆ ಬಿಟ್ಟು ಕೆಲವು ವಾರ ಕಳೆದ ಮೇಲೆ ನಜ್ಲಾ ಗೋಡೆಯ ಮೇಲೊಂದು ಕೂದಲೆಳೆಯಂಥ ಗೆರೆ ನೋಡಿದಳು. ಮರುದಿನ ಅದರಲ್ಲಿ ಬೆರಳು ತೂರುವಂತಿತ್ತು. ಬ್ಲಾಕುಗಳು ಒಳಗಿನಿಂದ ಉಬ್ಬಿ, ಹೊಟ್ಟೆಯುಬ್ಬರ ಬಂದ ಕುರಿಯ ಹಾಗೆ ಬಿಮ್ಮನೆ ಬಿಗಿದು, ಆಮೇಲೆ ಮೂಲೆಮೂಲೆಯಲ್ಲೂ ಒಡೆದವು. ನದಿಯ ಕಡೆಯ ಗೋಡೆ ಒಂದು ಮಧ್ಯಾಹ್ನ ಎಲ್ಲರ ಕಣ್ಣೆದುರಿಗೇ ಉದುರಿ ಬಿತ್ತು.

ನಜ್ಲಾ ಎದೆ ಬಡಿದುಕೊಂಡಳು. “ನನ್ನ ಕಲ್ಲನ್ನೂ ಹಾಳು ಮಾಡಿದೆಯಲ್ಲೇ! ಬಾಂಬು ಉಳಿಸಿದ್ದನ್ನ ನೀನು ಮುಗಿಸಿದೆ!”

ಸುದ್ದಿ ತಿಳಿದು ಇಂಜಿನಿಯರ್ ನಶ್ವಾನ್ ನೋಡಲು ಬಂದ. ಒಡೆದ ಬ್ಲಾಕೊಂದನ್ನು ಕೈಗೆತ್ತಿಕೊಂಡು ಬೆರಳಲ್ಲಿ ಕೆರೆದ. ಬಿಳಿ ಪುಡಿ ಉದುರಿತು.

“ಅಮ್ಮ, ಬಿಳಿಗಾರೆ ಸೇರಿಸಬಾರದು ಅಂತ ಅಲ್ಲಿ ಹೇಳಿರಲಿಲ್ವಾ?”

“ಹೇಳಿದ್ರು.”

“ಮತ್ತೆ?”

“ಬಿಸಾಡೋಕೆ ಮನಸ್ಸು ಬರಲಿಲ್ಲ.”

ನಶ್ವಾನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿಸಿ ಬೈಯಬಹುದಿತ್ತು. ನೀರು ತಾಗಿದರೆ ಅವೆರಡೂ ಒಳಗೊಳಗೇ ಕಿತ್ತಾಡಿ ಉಬ್ಬುತ್ತವೆ, ಉಳಿದ ಗೋಡೆಯೂ ನಿಲ್ಲುವುದಿಲ್ಲ ಎಂದ. ಮೇಲಿನ ಬೀದಿ ಮುಗಿಯುತ್ತಾ ಬಂತು, ಇನ್ನು ಒಂದೂವರೆ ತಿಂಗಳಿಗೆ ಇಲ್ಲಿಗೆ ಬರುತ್ತೇವೆ ಎಂದ. “ಈ ಸಲ ದಯವಿಟ್ಟು ರಾಶಿ ಮೇಲೆ ಕೂರಬೇಡಿ,” ಎಂದು ಸೇರಿಸಿ ಹೋದ. ಅವನ ಕರುಣೆ ಬದ್ರಿಯಾಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮರುದಿನ ಬೆಳಿಗ್ಗೆ ಅವಳು ಸುತ್ತಿಗೆ ಹಿಡಿದು ತಾನೇ ಕಟ್ಟಿದ ಗೋಡೆಯನ್ನು ಕೆಡವಲು ನಿಂತಳು. ಬ್ಲಾಕು ಮಾಡದೆ ಉಳಿದ ಬಿಳಿ ಹೆಂಟೆಯ ಗುಡ್ಡೆಯೊಂದು ಪಕ್ಕದಲ್ಲಿತ್ತು. ಅದನ್ನು ನೋಡುತ್ತಿದ್ದ ಹಾಗೆ ಅವಳಿಗೆ ಎಲ್ಲಿತ್ತೋ ಸಿಟ್ಟು, ಒಂದು ಹೆಂಟೆಯನ್ನು ಎತ್ತಿ ದಂಡೆಯವರೆಗೆ ನಡೆದು ನದಿಗೆ ಎಸೆದಳು. ಇನ್ನೊಂದನ್ನು ತಂದು ಎಸೆದಳು. ಆ ಹೆಂಗಸು ಹುಟ್ಟಿದಾರಭ್ಯ ಯಾವುದನ್ನೂ ಹೀಗೆ ಎಸೆದವಳಲ್ಲ.

ಕುರ್ಚಿಯಲ್ಲಿದ್ದ ಧನ್ನೂನ್ ಮೊದಲೆರಡು ಸಲ ಸುಮ್ಮನಿದ್ದ. ಮೂರನೆಯದು ನೀರಿಗೆ ಬಿದ್ದಾಗ ಕೂಗಿದ. “ಏಯ್! ಏನೇ ಅದು?”

“ಕಸ, ಭಾವ.”

“ಕಸ ಅಂತೆ! ನಮ್ಮಪ್ಪ ಸುಟ್ಟ ಗಾರೆ ಕಣೇ ಅದು!”

“ಸತ್ತುಹೋಗಿರೋ ಗಾರೆ. ಸಿಮೆಂಟಿಗೂ ಬೇಡ, ಯಾರಿಗೂ ಬೇಡ.” ಇನ್ನೊಂದು ಹೆಂಟೆ ಹಾರಿತು.

“ಬಿಳಿಗಾರೆ ಸಾಯುತ್ತೇನೇ, ಪೆದ್ದೀ? ಒಡೆದು ಮತ್ತೆ ಸುಟ್ಟರೆ ಮತ್ತೆ ಎದ್ದು ಕೂರುತ್ತೆ! ನಿಲ್ಲಿಸು!”

“ಸುಡೋರು ಯಾರು?” ಎಂದಳು ಬದ್ರಿಯಾ. ಈ ಸಲ ದೊಡ್ಡದೊಂದನ್ನು ಎರಡೂ ಕೈಯಲ್ಲಿ ಎತ್ತಿದ್ದಳು. “ಸುಡೋರು ಕುರ್ಚಿ ಮೇಲೆ ಕೂತು ನದಿ ಕಾಯ್ತಾ ಇದ್ದಾರೆ.”

ಧನ್ನೂನ್ ಎದ್ದ. “ಯಾರಿಗೆ ಅಂತ ಸುಡಲೇ? ಕಲಸಿಕೊಡೋನು ಹೋದ. ಅನ್ನ ಹಾಕೋಳು ಹೋದಳು. ಯಾರ ಮನೆಗೆ ಅಂತ ಸುಡಲಿ?”

“ನಿಮ್ಮ ಮಗ ಹೋದ, ನನ್ನ ಗಂಡ ಹೋದ. ಹೋದೋರು ಮನೆ ಕೇಳ್ತಾ ಇಲ್ಲ, ಭಾವ. ನಾನು ಬದುಕಿದ್ದೀನಿ, ನಾನು ಕೇಳ್ತಾ ಇದ್ದೀನಿ. ಮನೆ ಬಿದ್ದಾಗ ನಿಮ್ಮ ಕೈ ಕೂಡ ಬಿದ್ದುಹೋಯಿತಾ? ಇಲ್ಲ ತಾನೆ? ಹಾಗಾದರೆ ಸುಡಿ. ಇಲ್ಲಾಂದ್ರೆ ಕೂತ್ಕೊಂಡು ನೋಡಿ, ಇಡೀ ಗುಡ್ಡೆ ನೀರಿಗೆ ಹಾಕ್ತೀನಿ.”

ಅವಳು ನಿಜವಾಗಿ ಹಾಕುತ್ತಿದ್ದಳೋ ಇಲ್ಲವೋ, ಈಗ ಯಾರು ಕೇಳಿದರೂ ಬರೀ ನಗುತ್ತಾಳೆ. ಧನ್ನೂನನಿಗಂತೂ ನೋಡಲಾಗಲಿಲ್ಲ. ಎಷ್ಟೆಂದರೂ ಅವನೂ ಮೋಸುಲಿನವನು. ದಡದಡನೆ ಬಂದು ಅವಳ ಕೈಯಿಂದ ಹೆಂಟೆಯನ್ನು ಕಿತ್ತುಕೊಂಡ. “ದೆವ್ವ,” ಎಂದ. “ನನ್ನ ತಮ್ಮ ನಿನ್ನ ಜೊತೆ ಹೇಗೆ ಬಾಳಿದನೋ.”

“ಚೆನ್ನಾಗೇ ಬಾಳಿದ್ರು,” ಎಂದಳು ಬದ್ರಿಯಾ. ಆಗ ಮಾತ್ರ ಅವಳ ಧ್ವನಿ ಸ್ವಲ್ಪ ಒಡೆಯಿತು.

ಅಂದಿನಿಂದ ಓಣಿಯಲ್ಲಿ ಧನ್ನೂನನದೇ ದರಬಾರು. ರಾಶಿಯನ್ನೆಲ್ಲ ಬಿಡಿಸಿ ಕೈಯಲ್ಲಿ ಆರಿಸಬೇಕು. ಗಟ್ಟಿಗಲ್ಲಿಗೆ ಅಂಟಿದ ಗಾರೆಯನ್ನು ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕು, ಆಮೇಲೆ ನದಿಯಲ್ಲಿ ತೊಳೆಯಬೇಕು. ತೊಳೆದ ಕಲ್ಲು ಕ್ರಷರಿಗೆ, ಅಲ್ಲಿಂದ ಬ್ಲಾಕಿಗೆ, ಗೋಡೆಗೆ. ಬಿಡಿಸಿದ ಗಾರೆ ಭಟ್ಟಿಗೆ, ಚಾವಣಿಗೆ. ಕಬ್ಬಿಣದ ಸಲಾಕೆ ಕೊಳ್ಳುವ ತಾಕತ್ತು ಯಾರಿಗೂ ಇರಲಿಲ್ಲವಾದ್ದರಿಂದ ಚಾವಣಿಯನ್ನು ನಮ್ಮ ಹಿರಿಯರಂತೆ ಗಾರೆಯ ಕಮಾನಿನಲ್ಲೇ ಮುಚ್ಚುವುದೆಂದು ಆಯಿತು. ಗೋಡೆಯೂ ಗಾರೆಯೂ ಮುಟ್ಟುವ ಕಡೆ ಮತ್ತೆ ಜಗಳವಾಗದ ಹಾಗೆ ಕಯ್ಯಾರಾ ಊರಿನ ಕಡೆಯ ಡಾಂಬರನ್ನು ದಪ್ಪಗೆ ಬಳಿಯಬೇಕೆಂದು ನಶ್ವಾನನೇ ಹೇಳಿಕೊಟ್ಟ. ಅದನ್ನು ಕೇಳಿ ಬರಲು ಬದ್ರಿಯಾ ಸಂಕೋಚವಿಲ್ಲದೆ ಅವನ ಬಳಿಗೇ ಹೋಗಿದ್ದಳು.

“ನಮ್ಮ ವಿರುದ್ಧ ಮನೆ ಕಟ್ಟೋಕೆ ನನ್ನನ್ನೇ ಕೇಳ್ತೀರಲ್ಲಮ್ಮಾ,” ಎಂದನಂತೆ ಅವನು.

“ಇನ್ಯಾರನ್ನ ಕೇಳಲಿ? ಓದಿರೋನು ನೀನೇ ತಾನೆ,” ಎಂದಳಂತೆ ಇವಳು.

ನಜ್ಲಾ ಮುಖ ಊದಿಸಿಕೊಂಡೇ ಬಂದಳು, ಆದರೆ ಬಂದಳು. ಅವಳ ಹಿಂದೆ ಉಳಿದವರೂ ಬಂದರು. ಆರಿಸುವಾಗ ಕೈಗೆ ಏನೇನೋ ಸಿಗುತ್ತಿತ್ತು. ಒಂದು ಚಮಚ, ಮಗುವಿನ ಚಪ್ಪಲಿ, ಯಾರದೋ ಬಾಗಿಲಿನ ಚಿಲಕ. ಒಬ್ಬಳು ಕೆಲಸ ನಿಲ್ಲಿಸಿ ಅತ್ತರೆ ಉಳಿದವರು ಅವಳನ್ನು ಅಳಲು ಬಿಟ್ಟು ಆರಿಸುತ್ತಲೇ ಇರುತ್ತಿದ್ದರು. ಒಡೆಯದೆ ಉಳಿದ ಖಾಲಿ ಜಾಡಿ, ಮಡಕೆಗಳನ್ನು ಧನ್ನೂನ್ ಬೇರೆ ಇಡಿಸಿದ. ಕಮಾನಿನ ಬಗಲಲ್ಲಿ ಅವನ್ನು ತುಂಬಿದರೆ ಭಾರ ಕಡಿಮೆಯಾಗುತ್ತದೆ. ಮುರಿದ ಬಾಗಿಲು ಕಿಟಕಿಗಳ ಮರವೇ ಭಟ್ಟಿಗೆ ಸೌದೆಯಾಯಿತು. ಮೊದಲ ಸಲ ಭಟ್ಟಿ ಹೊಗೆಯಾಡಿದ ದಿನ ಆಚೆ ದಡದವರು ಮತ್ತೆ ಬೆಂಕಿ ಬಿದ್ದಿತೋ ಎಂದು ಗಾಬರಿಯಾಗಿ ನೋಡಿದರಂತೆ.

ಎರಡನೇ ಸಲ ಸುಟ್ಟ ಗಾರೆಗೆ ಮೊದಲಿಗಿಂತ ಅವಸರ ಹೆಚ್ಚು. ನೀರು ಬಿದ್ದ ಮರುಗಳಿಗೆಯಲ್ಲೇ ಬಿಗಿಯತೊಡಗುತ್ತದೆ. ಕಲಸಿದವಳು ಬಾಂಡ್ಲಿಯನ್ನು ಪಕ್ಕದವಳಿಗೆ, ಅವಳು ಇನ್ನೊಬ್ಬಳಿಗೆ, ಕೊನೆಯವಳು ಸಾರ್ವೆಯ ಮೇಲಿದ್ದ ಧನ್ನೂನನಿಗೆ. ಕೈ ತಪ್ಪಿದರೆ ಬಾಂಡ್ಲಿಯ ಆಕಾರದ್ದೇ ಒಂದು ಬಿಳಿ ಕಲ್ಲು. ಅವನು ಬರಿಗೈಯಲ್ಲೇ ಗಾರೆ ತೆಗೆದು ಕಲ್ಲನ್ನು ಒತ್ತಿ ಹಿಡಿಯುತ್ತಿದ್ದ, ಕೈ ಬಿಡುವ ಹೊತ್ತಿಗೆ ಕಲ್ಲು ಕೂತಿರುತ್ತಿತ್ತು. ಕೆಳಗಿನವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. “ಬೇಗ! ಮದುವೆಗೆ ಹೊರಟ ಹಾಗೆ ಬರ್ತೀರಲ್ಲೇ! ಗಾರೆ ಕೊಡ್ರೇ!” ಒಂದೆರಡು ಸಲ ಅವನ ಬಾಯಿಂದ ಮಗನ ಹೆಸರೇ ಬಂತು. ಆಗ ಯಾರೂ ತಲೆ ಎತ್ತಲಿಲ್ಲ, ಬಾಂಡ್ಲಿಯೂ ನಿಲ್ಲಲಿಲ್ಲ.

ಹೂ ಬಿಡುವ ಕಾಲ ಬಂತು, ಜೆಸಿಬಿಯೂ ಬಂತು. ಅಂದು ಬೆಳಿಗ್ಗೆ ಕಮಾನಿನ ಎರಡು ಬದಿಯೂ ಮೇಲೆದ್ದು ಬಾಗಿ, ನೆತ್ತಿಯಲ್ಲಿ ಒಂದು ಮೊಳದಷ್ಟು ಸೀಳು ಮಾತ್ರ ಉಳಿದಿತ್ತು. ಒಳಗೆ ನಟ್ಟನಡುವೆ ಒಂದು ಆಸರೆ ಮರ ಇಡೀ ಭಾರವನ್ನು ಹೊತ್ತು ನಿಂತಿತ್ತು.

ನಶ್ವಾನ್ ಬಂದು ಕತ್ತೆತ್ತಿ ನೋಡಿದ. “ಆಕಾಶ ಕಾಣ್ತಾ ಇದೆಯಲ್ಲಮ್ಮಾ.”

“ಕಾಣ್ತಿದ್ದ ಹಾಗೇ ನೋಡ್ಕೊಂಡುಬಿಡು, ಇನ್ನು ಸ್ವಲ್ಪ ಹೊತ್ತಿಗೆ ಕಾಣಲ್ಲ.”

“ನನಗೆ ಮೇಲಿನವರು ಇವತ್ತೇ ಅಂತ ಹೇಳಿದ್ದಾರೆ.”

“ಇವತ್ತೇ ಅಂದ್ರು ತಾನೆ? ಈಗಲೇ ಅಂದ್ರಾ?”

ಮೇಲಿನಿಂದ ಧನ್ನೂನ್ ಕೂಗಿದ. “ಒಂದು ಸಿಗರೇಟು ಹಚ್ಕೊಳಪ್ಪಾ ಇಂಜಿನಿಯರೇ. ಅದು ಮುಗಿಯೋದ್ರೊಳಗೆ ಮುಗಿಸ್ತೀನಿ. ಗಾರೆ ಕೊಡ್ರೇ!”

ಚಾಲಕ ಇಂಜಿನ್ನನ್ನು ಆರಿಸಲು ಹೋದವನು ನಶ್ವಾನನ ಮುಖ ನೋಡಿ ಹಾಗೇ ಬಿಟ್ಟ. ಯಂತ್ರ ಓಣಿಯ ಬಾಯಲ್ಲಿ ಗುರುಗುಟ್ಟುತ್ತಾ ನಿಂತಿತು. ಬಾಂಡ್ಲಿ ಕೈಯಿಂದ ಕೈಗೆ ಹಾರಿತು. ನಶ್ವಾನನಿಗೆ ಸಿಗರೇಟಿನ ಅಭ್ಯಾಸವಿರಲಿಲ್ಲ, ಚಾಲಕನೇ ಅವನ ಪರವಾಗಿ ಒಂದು ಸೇದಿದ. ಸೀಳು ಕಿರಿದಾಯಿತು, ಇನ್ನೂ ಕಿರಿದಾಯಿತು. ಕೊನೆಯ ಕಲ್ಲನ್ನು ಧನ್ನೂನ್ ಅಂಗೈಯಿಂದ ಗುದ್ದಿ ಕೂರಿಸಿ, ಅಲ್ಲೇ ಹಣೆ ಒತ್ತಿ ಹಿಡಿದ.

“ಆಯಿತು,” ಎಂದಳು ಬದ್ರಿಯಾ. “ಚಾವಣಿ.”

ನಶ್ವಾನ್ ಒಳಗೆ ಇಣುಕಿದ. ನಡುವಿನ ಆಸರೆ ಮರವನ್ನು ನೋಡಿದ. “ಇದು ಮರದ ಮೇಲೆ ನಿಂತಿದೆ, ಅಮ್ಮ. ಗೋಡೆ ಮೇಲಲ್ಲ. ಹೋದ ಸಲದ ಗೋಡೆ ನಾನೇ ನೋಡಿದ್ದೀನಿ. ನಂಬಿ ಅಂದ್ರೆ ಹೇಗೆ ನಂಬಲಿ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದು ಅಲ್ಲಿ ನಿಂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಬದ್ರಿಯಾ ಧನ್ನೂನನ ಕಡೆ ನೋಡಿದಳು. ಅವನು ಸಾರ್ವೆಯಿಂದ ಇಳಿದು ಸುಮ್ಮನೆ ನೆಲ ನೋಡುತ್ತಾ ನಿಂತಿದ್ದ. ನಮ್ಮ ಗಾರೆಯವರಲ್ಲಿ ಒಂದು ಪದ್ಧತಿಯಿದೆ. ಮನೆ ಯಾರದೋ ಅವರು ಕಮಾನಿನಡಿ ಕೂತಿದ್ದಾಗಲೇ ಆಸರೆಯನ್ನು ಹೊಡೆದು ಬೀಳಿಸಬೇಕು, ಬೀಳಿಸುವವನು ಕಟ್ಟಿದವನೇ ಆಗಿರಬೇಕು. ಗಾರೆಯಲ್ಲಿ ಮೋಸವಿದ್ದರೆ ಕಟ್ಟಿದವನ ಕೈಗೇ ರಕ್ತ ಹತ್ತುತ್ತದೆ, ಆ ಭಯಕ್ಕೆ ಯಾರೂ ಮೋಸ ಮಾಡುವುದಿಲ್ಲ. ಆದರೆ ಒಣಗಲು ಒಂದೆರಡು ದಿನವಾದರೂ ಬಿಟ್ಟೇ ಆ ಕೆಲಸ ಮಾಡುವುದು. ಕೊನೆಯ ಗಾರೆ ಇನ್ನೂ ಬೆಚ್ಚಗಿತ್ತು.

ಬದ್ರಿಯಾ ಒಳಗೆ ಹೋಗಿ ಆಸರೆ ಮರದ ಪಕ್ಕ ನೆಲದ ಮೇಲೆ ಕಾಲು ಮಡಚಿ ಕೂತಳು.

“ಅಮ್ಮಾ, ಬೇಡ!” ಘಾನಿಮ್ ಓಡಿಬಂದ. “ಇನ್ನೂ ಹಸಿ ಇದೆ. ದೊಡ್ಡಪ್ಪ, ಹೇಳಿ!”

“ನೀನು ಆಚೆ ಹೋಗು. ಮನೆ ನನ್ನದು,” ಎಂದಳು ಅವಳು.

ಧನ್ನೂನ್ ಸುತ್ತಿಗೆ ಹಿಡಿದು ಒಳಗೆ ಬಂದ. “ಘಾನಿಮನ ತಾಯೀ, ಬೇಡ ಕಣೇ. ಎರಡು ದಿನ ಕೇಳೋಣ. ಕಾಲು ಹಿಡಿದಾದರೂ ಕೇಳೋಣ.”

“ಯಾರ ಕಾಲು? ನಾವು ಯಾರ ಮನೇನೂ ಕೇಳ್ತಾ ಇಲ್ಲ, ಭಾವ.” ಅವಳಿಗೆ ಭಯವಾಗಿತ್ತು. ನೆಲಮಾಳಿಗೆಯಲ್ಲಿ ಕೂತು ಕೇಳಿದ ಸದ್ದೆಲ್ಲ ಕಿವಿಯಲ್ಲಿ ಎದ್ದು ಬಂದಿತ್ತು. ಎದ್ದು ಆಚೆ ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಮನೆಗಳು ಯಾರ್‍ಯಾರದೋ ತಲೆಯ ಮೇಲೆ ಯಾರ್‍ಯಾರದೋ ಮಾತಿಗೆ ಬಿದ್ದಿದ್ದವು. ಇದು ಬೀಳುವುದಾದರೆ ತನ್ನ ಮಾತಿಗೇ ಬೀಳಲಿ ಎಂದು ಅವಳು ಹಲ್ಲು ಕಚ್ಚಿದಳು. “ನೀವು ಸುಟ್ಟದ್ದು, ನೀವು ಕಟ್ಟಿದ್ದು. ನಿಮಗೇ ನಂಬಿಕೆ ಇಲ್ವಾ?”

“ಇದೆ.”

“ಹಾಗಾದ್ರೆ ಹೊಡೀರಿ.”

ಧನ್ನೂನ್ ದೇವರ ಹೆಸರು ಹೇಳಿ ಹೊಡೆದ. ಮರ ಕದಲಲಿಲ್ಲ. ಇನ್ನೊಮ್ಮೆ ಹೊಡೆದ. ಮರ ಓರೆಯಾಗಿ, ಕರಕರ ಎಂದು, ಬದ್ರಿಯಾಳ ಕಾಲ ಪಕ್ಕಕ್ಕೆ ಉರುಳಿ ಬಿತ್ತು. ಮೇಲೆ ಎಲ್ಲೋ ಏನೋ ಟಕ್ ಎಂದಿತು. ಹೊರಗೆ ನಜ್ಲಾ ಚೀರಿದಳು. ಬಿಳಿ ಧೂಳು ಕೋಣೆಯನ್ನೆಲ್ಲ ತುಂಬಿತು, ಘಾನಿಮನಿಗೆ ತಾಯಿಯೂ ಕಾಣಲಿಲ್ಲ, ದೊಡ್ಡಪ್ಪನೂ ಕಾಣಲಿಲ್ಲ.

ಧೂಳು ಕೂತಿತು. ಕಮಾನು ಮೇಲೆಯೇ ಇತ್ತು. ಅಡಿಯಲ್ಲಿ ಬದ್ರಿಯಾ ಕೆಮ್ಮುತ್ತಿದ್ದಳು. ಧನ್ನೂನ್ ಸುತ್ತಿಗೆಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ಗಟ್ಟಿಯಾಗಿ ಅಳುತ್ತಿದ್ದ. ಇಬ್ಬರೂ ಹಿಟ್ಟಿನಲ್ಲಿ ಹೊರಳಿ ಎದ್ದ ಹಾಗೆ ಬೆಳ್ಳಗಾಗಿದ್ದರು.

“ಬಾಪ್ಪಾ ಇಂಜಿನಿಯರೇ,” ಎಂದು ಕರೆದಳು ಬದ್ರಿಯಾ. “ಮನೆ ಹೌದೋ ಅಲ್ವೋ ಅಂತ ಹೊರಗೆ ನಿಂತು ಹೇಳೋಕಾಗಲ್ಲ. ಒಳಗೆ ಬಾ.”

ನಶ್ವಾನ್ ಹೊಸ್ತಿಲಲ್ಲಿ ನಿಂತ. ಮೇಲೆ ನೋಡಿದ. ಹಿಂದೆ ಚಾಲಕ ಅವನನ್ನೇ ನೋಡುತ್ತಿದ್ದ, ಹೆಂಗಸರು ನೋಡುತ್ತಿದ್ದರು. ಅವನು ತಲೆ ತಗ್ಗಿಸಿ ಒಳಗೆ ಬಂದು ಅವಳ ಪಕ್ಕದಲ್ಲಿ ಕೂತ. ಮೇಲಿನಿಂದ ಗಾರೆಯ ಒಂದು ಚೂರು ಅವನ ಕನ್ನಡಕದ ಮೇಲೆ ಬಿತ್ತು. ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದ. ಮತ್ತೇನೂ ಬೀಳಲಿಲ್ಲ. ಅವನು ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡ.

“ಮನೆ,” ಎಂದ.

ಹೊರಗೆ ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಮದುವೆಮನೆಯಲ್ಲಿ ಮಾತ್ರ ಹಾಕುವ ಆ ಕೇಕೆ ಓಣಿಯಲ್ಲಿ ಕೇಳಿ ವರ್ಷಗಳಾಗಿದ್ದವು. ನಶ್ವಾನ್ ಹೊರಬಂದು ಚಾಲಕನಿಗೆ ಸನ್ನೆ ಮಾಡಿದ. ಜೆಸಿಬಿ ಹಿಂದಕ್ಕೆ ತಿರುಗತೊಡಗಿತು.

“ಏಯ್! ಎಲ್ಲಿಗೋ ಹೊರಟೆ?” ಬದ್ರಿಯಾ ಧೂಳು ಕೊಡವಿಕೊಳ್ಳುತ್ತಾ ಅಡ್ಡ ಬಂದು ನಿಂತಳು.

“ಮನೆ ಇರೋ ಓಣಿ ಮುಟ್ಟಲ್ಲ ಅಂದ್ರಲ್ಲ ಸಾಹೇಬ್ರು. ವಾಪಸ್ಸು ಹೋಗ್ತಿದ್ದೀನಿ.”

“ಅಷ್ಟು ದೂರದಿಂದ ಎಣ್ಣೆ ಸುಟ್ಕೊಂಡು ಬಂದು ಖಾಲಿ ಕೈಯಲ್ಲಿ ಹೋಗ್ತೀಯಾ? ದಂಡ ಅಲ್ವೇನೋ?” ಅವಳು ನಜ್ಲಾಳ ರಾಶಿಯ ಕಡೆ ಕೈ ತೋರಿಸಿದಳು. “ಆ ತೊಲೆ ನಮ್ಮ ಕೈಯಲ್ಲಿ ಏಳಲ್ಲ. ಮೊದಲು ಅದನ್ನ ಎತ್ತು.”

ಚಾಲಕ ನಶ್ವಾನನ ಮುಖ ನೋಡಿದ. ನಶ್ವಾನ್ ಮೇಲಿನವರು ಇರುವ ದಿಕ್ಕಿಗೊಮ್ಮೆ, ನದಿಯ ಕಡೆಗೊಮ್ಮೆ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿದ. ಯಂತ್ರದ ಕೈ ನಿಧಾನವಾಗಿ ನಜ್ಲಾಳ ರಾಶಿಯ ಮೇಲೆ ಇಳಿಯಿತು.

“ಮೆಲ್ಲಗೆ!” ಎಂದು ಬದ್ರಿಯಾ ಕೂಗಿದಳು. “ಅದು ಅವಳ ಪಡಸಾಲೆ! ಗಟ್ಟಿಗಲ್ಲು ಈ ಕಡೆ ಹಾಕು, ಬಿಳೀದು ಆ ಕಡೆ. ಬೆರೆಸಿದೆಯೋ, ನನ್ನ ಕೈಲಿ ಒದೆ ತಿಂತೀಯ!”